ಇಪ್ಪತ್ತು ವರ್ಷದ ಪಿಎಲ್‌ಸಿ: ರಿಪೇರಿ ಮಾಡಿಸಬೇಕಾ, ಬದಲಾಯಿಸಬೇಕಾ?

ಪ್ರಶ್ನೆ: ಕೊಪ್ಪಳದ ಗಿಣಿಗೇರಾ ಹತ್ತಿರ ಒಂದು ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ದಿನಕ್ಕೆ 100 ಟನ್‌ನ ಕಿಲ್ನ್ (ತಿರುಗುವ ಉದ್ದನೆಯ ಕುಲುಮೆ). ಅದನ್ನು ನಡೆಸುವುದು 2005ರಲ್ಲಿ ಹಾಕಿದ ಸೀಮೆನ್ಸ್ ಎಸ್7-300 ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಂ ಪ್ರಕಾರ ಓಡಿಸುವ ಕಂಟ್ರೋಲ್ ಕಂಪ್ಯೂಟರ್), ಅದರ ಮಿದುಳು ಸಿಪಿಯು 315-2ಡಿಪಿ. ಕೂಲರ್ (ಬಿಸಿ ಮಾಲು ತಣಿಸುವ ಯಂತ್ರ) ಕಡೆ ಒಂದು, ಕಚ್ಚಾ ಮಾಲಿನ ಕಡೆ ಒಂದು ಇಟಿ 200ಎಂ ರಿಮೋಟ್ ಪ್ಯಾನೆಲ್ (ಅಲ್ಲಿನ ತಂತಿಗಳನ್ನು ಸಿಪಿಯುಗೆ ಜೋಡಿಸುವ ದೂರದ ಪೆಟ್ಟಿಗೆ) ಇದೆ. ಈ ಬೇಸಿಗೆಯಲ್ಲಿ ಎರಡು ಸಲ ಮಧ್ಯಾಹ್ನದ ಹೊತ್ತು ಸಿಪಿಯು ಸ್ಟಾಪ್‌ಗೆ ಹೋಯಿತು. ಎಸ್‌ಎಫ್ (ಸಿಸ್ಟಮ್ ದೋಷ), ಬಿಎಫ್ (ಲೈನ್ ದೋಷ) ಎರಡೂ ಕೆಂಪು ದೀಪ ಬಂದಿದ್ದವು. ಪವರ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಓಡಿತು. ಸಿಪಿಯು ಹೋಗಿದೆ, ಸೆಕೆಂಡ್ ಹ್ಯಾಂಡ್ ತಂದು ಹಾಕಿ ಅಂತ ಒಬ್ಬರು. ಎಲ್ಲ ಕಿತ್ತು ಹೊಸದು ಹಾಕಿ ಅಂತ ಇನ್ನೊಬ್ಬರು. ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು ಅಂತ ನಮ್ಮ ಸಾಹುಕಾರರು. ಪ್ರೋಗ್ರಾಂ ಬರೆದ ಕಂಪನಿಯವರು ಈಗ ಸಿಗುವುದಿಲ್ಲ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಸಿಪಿಯು ಕೊಳ್ಳಬೇಡಿ. ನೀವು ಬರೆದಿರುವುದನ್ನು ಓದಿದರೆ ಸಿಪಿಯು ಕೆಟ್ಟಿದೆ ಅಂತ ನನಗೆ ಅನಿಸುವುದಿಲ್ಲ.

ಎರಡು ಸುಳಿವು ನೀವೇ ಕೊಟ್ಟಿದ್ದೀರಿ. ಎಸ್‌ಎಫ್ ಜೊತೆ ಬಿಎಫ್ ದೀಪವೂ ಬಂದಿತ್ತು. ಎರಡು ಸಲವೂ ಮಧ್ಯಾಹ್ನ. ಬಿಎಫ್ ಅಂದರೆ ಪ್ರೊಫಿಬಸ್ ಲೈನಿನಲ್ಲಿ, ಅಂದರೆ ಸಿಪಿಯುವನ್ನು ರಿಮೋಟ್ ಪ್ಯಾನೆಲ್‌ಗಳಿಗೆ ಜೋಡಿಸುವ ಕೇಬಲ್ಲಿನಲ್ಲಿ, ತೊಂದರೆ. ಎರಡು ರಿಮೋಟ್ ಪ್ಯಾನೆಲ್‌ಗಳಲ್ಲಿ ಒಂದು ಸಿಪಿಯುಗೆ ಉತ್ತರ ಕೊಡುವುದನ್ನು ನಿಲ್ಲಿಸಿದೆ. ಎಸ್7-300ರಲ್ಲಿ ಹೀಗಾದಾಗ ಸಿಪಿಯು ತನ್ನ ಪ್ರೋಗ್ರಾಂ ಒಳಗೆ ಓಬಿ 86 ಅನ್ನುವ ಬ್ಲಾಕ್ (ಪ್ರೋಗ್ರಾಂನ ಒಂದು ತುಂಡು) ಇದೆಯಾ ಅಂತ ನೋಡುತ್ತದೆ. ಇದ್ದರೆ ಅದನ್ನು ಓಡಿಸಿ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಸೀದಾ ಸ್ಟಾಪ್. ಓದಲು ಹೋದ ಇನ್‌ಪುಟ್ ಸಿಗದಿದ್ದರೆ ಓಬಿ 122ಕ್ಕೂ ಇದೇ ಕತೆ. ಅವಸರದಲ್ಲಿ ಕಮಿಷನಿಂಗ್ ಮುಗಿಸಿದ ಎಷ್ಟೋ ಕಡೆ ಈ ಬ್ಲಾಕ್‌ಗಳನ್ನು ಹಾಕಿರುವುದೇ ಇಲ್ಲ. ಆಗ ಕೂಲರ್ ಹತ್ತಿರ ಒಂದು ತಂತಿ ಸಡಿಲಾದರೂ ಸಾಕು, ಇಡೀ ಕಿಲ್ನ್ ನಿಲ್ಲುತ್ತದೆ. ಬೈಗುಳ ಮಾತ್ರ ಸಿಪಿಯುಗೆ.

ಇದು ಊಹೆ. ಊಹೆಯ ಮೇಲೆ ದುಡ್ಡು ಹಾಕಬೇಡಿ. ಏನಾಯಿತು ಅಂತ ಸಿಪಿಯು ತಾನೇ ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಡಯಾಗ್ನೋಸ್ಟಿಕ್ ಬಫರ್ ಅನ್ನುತ್ತಾರೆ. ಸ್ಟೆಪ್ 7 (ಸೀಮೆನ್ಸ್ ಪಿಎಲ್‌ಸಿಯ ಸಾಫ್ಟ್‌ವೇರ್) ಇರುವ ಲ್ಯಾಪ್‌ಟಾಪ್, ಅದನ್ನು ಸಿಪಿಯುಗೆ ಜೋಡಿಸುವ ಒಂದು ಎಂಪಿಐ ಅಡಾಪ್ಟರ್ ಇದ್ದರೆ ಸಾಕು. ಆನ್‌ಲೈನ್ ಹೋಗಿ, ಮಾಡ್ಯೂಲ್ ಇನ್ಫರ್ಮೇಷನ್ ತೆಗೆದು ಆ ಟ್ಯಾಬ್ ನೋಡಿ. ಯಾವ ಸ್ಟೇಷನ್ ಬಿತ್ತು, ಯಾವ ಬ್ಲಾಕ್ ಸಿಗಲಿಲ್ಲ, ಎಷ್ಟು ಹೊತ್ತಿಗೆ, ಎಲ್ಲ ಸಾಲು ಸಾಲಾಗಿ ಇರುತ್ತದೆ. ಪವರ್ ಆಫ್ ಮಾಡಿದರೂ ಅಳಿಸಿ ಹೋಗುವುದಿಲ್ಲ. ಆದರೆ ಜಾಗ ಕಡಿಮೆ. ಹೊಸ ಸಾಲು ಬಂದ ಹಾಗೆ ಹಳೆಯದು ಹೊರಗೆ ಬೀಳುತ್ತದೆ. ಅದಕ್ಕೇ ಇದನ್ನು ಇವತ್ತೇ ಓದಿ ಫೈಲ್ ಆಗಿ ಸೇವ್ ಮಾಡಿಕೊಳ್ಳಿ. ಗಡಿಯಾರ ಸರಿ ಇಟ್ಟಿಲ್ಲದಿದ್ದರೆ ಅಲ್ಲಿ 1994ರ ತಾರೀಕು ಕಾಣಬಹುದು. ಗಾಬರಿ ಬೇಡ, ಗಡಿಯಾರ ಸರಿಮಾಡಿ. ಮುಂದಿನ ಸಲ ನಿಂತರೆ ಪವರ್ ಮುಟ್ಟುವ ಮೊದಲು ಮೊಬೈಲಿನಲ್ಲಿ ದೀಪಗಳ ವಿಡಿಯೊ ತೆಗೆಯಲು ಶಿಫ್ಟ್ ಹುಡುಗರಿಗೆ ಹೇಳಿ. ಬಿಎಫ್ ಮಿಣುಕುತ್ತಿದ್ದರೆ ಒಂದು ಸ್ಟೇಷನ್ ಉತ್ತರಿಸುತ್ತಿಲ್ಲ. ಒಂದೇ ಸಮ ಉರಿಯುತ್ತಿದ್ದರೆ ಕೇಬಲ್ಲೇ ಶಾರ್ಟ್ ಆಗಿರುವ ಹಾಗೆ ಲೈನಿನ ತೊಂದರೆ. ಈ ವ್ಯತ್ಯಾಸ ಗೊತ್ತಾದರೆ ಹುಡುಕುವ ಕೆಲಸ ಅರ್ಧಕ್ಕಿಳಿಯುತ್ತದೆ.

ಈಗ ಮಧ್ಯಾಹ್ನದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಕೂಲರ್ ಪಕ್ಕದ ಪ್ಯಾನೆಲ್ ಒಳಗೆ ಎಷ್ಟಿರಬಹುದು ಅಂತ ಬಾಗಿಲು ತೆಗೆದು ಕೈ ಇಟ್ಟರೇ ಗೊತ್ತಾಗುತ್ತದೆ. ಎಸ್7-300 ರ್ಯಾಕನ್ನು ಅಡ್ಡಲಾಗಿ ಕೂರಿಸಿದ್ದರೆ 60 ಡಿಗ್ರಿವರೆಗೆ ತಡೆಯುತ್ತದೆ. ಜಾಗ ಸಾಲದೆ ಉದ್ದಕ್ಕೆ ನಿಲ್ಲಿಸಿದ್ದರೆ ಮಿತಿ 40 ಡಿಗ್ರಿ ಮಾತ್ರ. ನಿಮ್ಮ ರಿಮೋಟ್ ಪ್ಯಾನೆಲ್‌ನಲ್ಲಿ ಹೇಗಿದೆ ನೋಡಿ. ಉದ್ದಕ್ಕೆ ನಿಂತಿದ್ದರೆ ಅದು ಬೇಸಿಗೆಯಲ್ಲಿ ದಿನಾ ಮಿತಿ ಮೀರಿ ಓಡುತ್ತಿದೆ ಅಂತಲೇ ಲೆಕ್ಕ.

ಬಿಸಿಗೆ ಮೊದಲು ಸೋಲುವುದು 24 ವೋಲ್ಟ್ ಪವರ್ ಸಪ್ಲೈ. ಅದರ ಒಳಗಿನ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್‌ಗಳು ವರ್ಷ ಕಳೆದ ಹಾಗೆ ಒಣಗುತ್ತವೆ. ಪ್ರತಿ 10 ಡಿಗ್ರಿ ಏರಿಕೆಗೆ ಅವುಗಳ ಆಯಸ್ಸು ಸುಮಾರು ಅರ್ಧವಾಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಒಣಗಿದ ಸಪ್ಲೈ ಸುಮ್ನೆ ಇದ್ದಾಗ ಮೀಟರಿನಲ್ಲಿ 24 ವೋಲ್ಟ್ ತೋರಿಸುತ್ತದೆ. ದೊಡ್ಡ ಮೋಟರ್ ಸ್ಟಾರ್ಟ್ ಆದಾಗ, ಒಟ್ಟಿಗೆ ಹತ್ತು ಸೊಲೆನಾಯ್ಡ್ ಎಳೆದಾಗ ಕುಸಿಯುತ್ತದೆ. ಈ ಮಾಡ್ಯೂಲ್‌ಗಳಿಗೆ ಬೇಕಾಗಿರುವುದು 20.4ರಿಂದ 28.8 ವೋಲ್ಟ್. ಬೆಳಿಗ್ಗೆ ಎಂಟಕ್ಕೆ ಅಳೆದು ಎಲ್ಲ ಸರಿ ಇದೆ ಅನ್ನಬೇಡಿ. ಮಧ್ಯಾಹ್ನ ಮೂರಕ್ಕೆ, ಪೂರ್ತಿ ಲೋಡ್ ಇರುವಾಗ ಅಳೆಯಿರಿ. ಸಪ್ಲೈ ಬಾಯಲ್ಲಿ ಅಲ್ಲ, ರಿಮೋಟ್ ಮಾಡ್ಯೂಲಿನ ಟರ್ಮಿನಲ್ ಮೇಲೆ. ಆಮೇಲೆ ಅದೇ ಜಾಗದಲ್ಲಿ ಮೀಟರನ್ನು ಎಸಿ ರೇಂಜಿಗೆ ಹಾಕಿ ನೋಡಿ. ಒಳ್ಳೆಯ ಸಪ್ಲೈನಲ್ಲಿ ಅಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ ತೋರಿಸಬೇಕು. ವೋಲ್ಟ್ ಲೆಕ್ಕದಲ್ಲಿ ತೋರಿಸಿದರೆ ಸಪ್ಲೈ ಬದಲಾಯಿಸಿ, ಯೋಚನೆ ಬೇಡ. ಇಪ್ಪತ್ತು ವರ್ಷ ಓಡಿದ ಸಪ್ಲೈಗಳನ್ನು ಅಳತೆ ಸರಿ ಬಂದರೂ ಬದಲಾಯಿಸುವುದು ನನ್ನ ರೂಢಿ. ಸಿಪಿಯು ಬೆಲೆಗೆ ಹೋಲಿಸಿದರೆ ಅದು ದೊಡ್ಡ ಖರ್ಚಲ್ಲ.

ಪ್ರೊಫಿಬಸ್ ಕೇಬಲ್ಲಿನ ಕಡೆಗೂ ಸ್ವಲ್ಪ ಹೊತ್ತು ಕೊಡಿ. ಲೈನಿನ ಎರಡು ತುದಿಯ ಕನೆಕ್ಟರ್‌ಗಳಲ್ಲಿ ಮಾತ್ರ ಟರ್ಮಿನೇಷನ್ (ಲೈನಿನ ತುದಿಗೆ ಹಾಕುವ ರೆಸಿಸ್ಟರ್) ಸ್ವಿಚ್ ಆನ್ ಇರಬೇಕು. ನಡುವಿನದು ಆಫ್. ನಡುವೆ ಯಾರಾದರೂ ಆನ್ ಮಾಡಿದ್ದರೆ ಅಲ್ಲಿಂದ ಮುಂದಿನ ಲೈನ್ ಕಟ್. ತುದಿಯ ಕನೆಕ್ಟರ್‌ಗೆ ಕರೆಂಟ್ ಬರುವುದು ಅದು ಕೂತಿರುವ ಮಾಡ್ಯೂಲಿನಿಂದ. ಹಾಗಾಗಿ ಕೊನೆಯ ಪ್ಯಾನೆಲ್‌ನ ಸಪ್ಲೈ ಕುಸಿದರೆ ಆ ಟರ್ಮಿನೇಷನ್ ಕೂಡ ಸತ್ತ ಹಾಗೆ. ಚೆನ್ನಾಗಿರುವ ಇನ್ನೊಂದು ಪ್ಯಾನೆಲ್ ಕೂಡ ಆಗ ತಡವರಿಸಬಹುದು. ಎಲ್ಲ ಆಫ್ ಇರುವಾಗ ಕನೆಕ್ಟರ್‌ಗಳನ್ನು ಮಾಡ್ಯೂಲ್‌ನಿಂದ ಬಿಚ್ಚಿ, ಎ ಮತ್ತು ಬಿ ತಂತಿ ನಡುವೆ ಅಳೆದರೆ ಸುಮಾರು 110 ಓಮ್ ಬರಬೇಕು. 220 ಬಂದರೆ ಒಂದೇ ಟರ್ಮಿನೇಷನ್ ಇದೆ. ಇನ್ನೊಂದು ವಿಷಯ. ಸ್ಪೀಡ್ 1.5 ಎಂಬಿಪಿಎಸ್ ಇಟ್ಟಿದ್ದರೆ ಲೈನ್ 200 ಮೀಟರ್ ದಾಟುವ ಹಾಗಿಲ್ಲ. ಕಚ್ಚಾ ಮಾಲಿನ ಯಾರ್ಡಿನಿಂದ ಕಿಲ್ನ್ ಬಳಸಿಕೊಂಡು ಕೂಲರ್‌ವರೆಗೆ ಬರುವ ಕೇಬಲ್ ಸುಲಭವಾಗಿ ಅದನ್ನು ದಾಟುತ್ತದೆ. ಸ್ಪೀಡನ್ನು 187.5 ಕೆಬಿಪಿಎಸ್‌ಗೆ ಇಳಿಸಿದರೆ 1000 ಮೀಟರ್‌ವರೆಗೆ ನಡೆಯುತ್ತದೆ. ನಿಮಿಷಕ್ಕೆ ಅರ್ಧ ಸುತ್ತು ತಿರುಗುವ ಕಿಲ್ನ್‌ಗೆ ಆ ಸ್ಪೀಡ್ ಧಾರಾಳ. ದುಡ್ಡಿಲ್ಲದೆ ಆಗುವ ರಿಪೇರಿ ಇದು, ಆದರೆ ಶಟ್‌ಡೌನ್‌ನಲ್ಲಿ ಮಾತ್ರ ಮಾಡಿ.

ಧೂಳಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೇ ಮಾತು. ಪ್ಯಾನೆಲ್ ಒಳಗೆ ಕಂಪ್ರೆಸರ್ ಗಾಳಿ ಹೊಡೆಯುವುದನ್ನು ನಿಲ್ಲಿಸಿ. ನಿಮ್ಮಲ್ಲಿರುವುದು ಬರೀ ಮಣ್ಣಿನ ಧೂಳಲ್ಲ. ಕಲ್ಲಿದ್ದಲ ಪುಡಿ, ಚಾರ್ (ಸುಟ್ಟು ಉಳಿದ ಕಲ್ಲಿದ್ದಲು), ಸ್ಪಾಂಜ್ ಐರನ್ ಪುಡಿ ಎಲ್ಲ ಇವೆ, ಇವುಗಳಲ್ಲಿ ಕರೆಂಟ್ ಹರಿಯುತ್ತದೆ. ಕಂಪ್ರೆಸರ್ ಗಾಳಿಯ ಜೊತೆ ನೀರು, ಎಣ್ಣೆ ಬಂದು ಈ ಪುಡಿಯನ್ನು ಕಾರ್ಡುಗಳ ಸಂದಿಗೆ ತಳ್ಳಿ ಅಂಟಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್, ಮೆತ್ತನೆಯ ಬ್ರಷ್ ಬಳಸಿ. ಕೇಬಲ್ ಬರುವ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ.

ಇಷ್ಟೆಲ್ಲ ಓದಿ ಯಾರಾದರೂ ನಿಮಗೆ ಹೇಳುತ್ತಾರೆ: ಖಾಲಿ ಓಬಿ 86 ಒಂದು ಲೋಡ್ ಮಾಡಿಬಿಡಿ, ಸ್ಟಾಪ್ ಆಗುವುದೇ ಇಲ್ಲ. ನಿಜ, ಸ್ಟಾಪ್ ಆಗುವುದಿಲ್ಲ. ಆದರೆ ಹಾಗೆ ಮಾಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಇವತ್ತು ಕೂಲರ್ ಪ್ಯಾನೆಲ್ ಬಿದ್ದಾಗ ಸಿಪಿಯು ನಿಂತು ಎಲ್ಲ ಔಟ್‌ಪುಟ್ ಸೊನ್ನೆ ಆಗುತ್ತದೆ. ಫೀಡ್ ನಿಲ್ಲುತ್ತದೆ, ಫ್ಯಾನ್ ನಿಲ್ಲುತ್ತದೆ. ತೊಂದರೆಯೇ, ಆದರೂ ಎಲ್ಲರಿಗೂ ಕಾಣುವ ತೊಂದರೆ. ಖಾಲಿ ಬ್ಲಾಕ್ ಹಾಕಿದ ಮೇಲೆ ಕೂಲರ್ ಕಡೆಯ ಯಾವ ಸುದ್ದಿಯೂ ಬರದೆ ಕಿಲ್ನ್ ಓಡುತ್ತಲೇ ಇರುತ್ತದೆ. ಕೂಲರ್ ತಿರುಗುತ್ತಿದೆಯಾ, ಡಿಸ್ಚಾರ್ಜ್ ಎಷ್ಟು ಬಿಸಿ, ಯಾವುದೂ ಸಿಪಿಯುಗೆ ಗೊತ್ತಿರುವುದಿಲ್ಲ. ಬಿಸಿ ಸ್ಪಾಂಜ್ ಐರನ್ ಗಾಳಿಗೆ ಬಂದರೆ ಮತ್ತೆ ಹತ್ತಿಕೊಳ್ಳುತ್ತದೆ ಅನ್ನುವುದು ನಿಮಗೆ ಗೊತ್ತು. ಓಬಿ 86 ಹಾಕಲೇಬೇಕು, ಆದರೆ ಒಳಗೆ ಬರೆದು ಹಾಕಬೇಕು. ಯಾವ ಪ್ಯಾನೆಲ್ ಬಿದ್ದರೆ ಏನು ನಿಲ್ಲಬೇಕು, ಏನು ತಿರುಗುತ್ತಲೇ ಇರಬೇಕು, ಸೈರನ್ ಎಲ್ಲಿ ಕೂಗಬೇಕು ಅಂತ ಪ್ರೊಡಕ್ಷನ್‌ನವರ ಜೊತೆ ಕೂತು ತೀರ್ಮಾನಿಸಿ.

ಅದಕ್ಕಿಂತ ಮೊದಲು ನೋಡಬೇಕಾದದ್ದು ಆಕ್ಸಿಲರಿ ಡ್ರೈವ್, ಅಂದರೆ ಮುಖ್ಯ ಮೋಟರ್ ನಿಂತಾಗ ಕಿಲ್ನ್ ತಿರುಗಿಸುವ ಸಣ್ಣ ಮೋಟರ್. ಒಳಗೆ ಸಾವಿರ ಡಿಗ್ರಿ ಹತ್ತಿರ ಇರುವ ಕಿಲ್ನ್ ತಿರುಗದೆ ನಿಂತರೆ ಶೆಲ್ (ಹೊರಗಿನ ಉಕ್ಕಿನ ಕೊಳವೆ) ಬಾಗುತ್ತದೆ. ಬಾಗಿದ ಶೆಲ್ ಇಟ್ಟಿಗೆ ಉದುರಿಸುತ್ತದೆ, ರೋಲರ್ ಮೇಲೆ ಭಾರ ಒಂದೇ ಕಡೆ ಬೀಳುತ್ತದೆ. ಅಂದಮೇಲೆ ಪಿಎಲ್‌ಸಿ ಸತ್ತರೂ, ಕರೆಂಟೇ ಹೋದರೂ ಆ ಸಣ್ಣ ಮೋಟರ್ ಡಿಜಿ (ಡೀಸೆಲ್ ಜನರೇಟರ್) ಮೇಲೆ, ಬರೀ ಪುಶ್‌ಬಟನ್‌ನಿಂದ ಸ್ಟಾರ್ಟ್ ಆಗಬೇಕು. ಎಬಿಸಿ (ಕಿಲ್ನ್‌ನಿಂದ ಬಂದ ಅನಿಲ ಸುಡುವ ಕೋಣೆ) ಮೇಲಿನ ಎಮರ್ಜೆನ್ಸಿ ಕ್ಯಾಪ್ ಕೂಡ ಹಾಗೇ, ಪಿಎಲ್‌ಸಿ ಹೇಳದಿದ್ದರೂ ತೆರೆಯಬೇಕು. ಕಾರ್ಬನ್ ಮಾನಾಕ್ಸೈಡ್ ಇರುವ ಜಾಗ ಅದು, ಅಲ್ಲಿ ಸಾಫ್ಟ್‌ವೇರ್ ನಂಬಿ ಕೂರಬಾರದು. ಈ ಎರಡರ ವೈರಿಂಗ್ ಯಾವುದಾದರೂ ಕಾರಣಕ್ಕೆ ಪಿಎಲ್‌ಸಿ ಔಟ್‌ಪುಟ್ ಮೂಲಕ ಹಾದುಹೋಗಿದ್ದರೆ ಮೊದಲು ಅದನ್ನು ಬೇರೆ ಮಾಡಿ. ಎಲ್ಲ ಸುಮ್ನೆ ಓಡುತ್ತಿರುವ ದಿನ, ಶಿಫ್ಟ್ ಇಂಜಿನಿಯರ್ ಎದುರಿಗೇ ಟೆಸ್ಟ್ ಮಾಡಿ.

ಇನ್ನು ಪ್ರೋಗ್ರಾಂ. ಬರೆದವರು ಸಿಗುವುದಿಲ್ಲ ಅಂದಿರಿ. ನಿಮ್ಮ ಇಡೀ ಸಿಸ್ಟಮ್‌ನಲ್ಲಿ ನಿಜವಾಗಿ ಹಳೆಯದಾಗಿರುವುದು, ನನ್ನ ಪ್ರಕಾರ, ಇದೇ. ಕಾರ್ಡ್ ದುಡ್ಡಿಗೆ ಸಿಗುತ್ತದೆ. ಯಾವ ವೈರ್ ಯಾಕೆ ಅಲ್ಲಿಗೆ ಹೋಗಿದೆ ಅನ್ನುವುದು ಸಿಗುವುದಿಲ್ಲ. ಸಿಪಿಯುನಿಂದ ಪ್ರೋಗ್ರಾಂ ಅಪ್‌ಲೋಡ್ ಮಾಡಿಕೊಳ್ಳಬಹುದು, ಹಾರ್ಡ್‌ವೇರ್ ಕಾನ್ಫಿಗರೇಷನ್ ಕೂಡ ಬರುತ್ತದೆ. ಆದರೆ ಹೆಸರುಗಳು, ಕಾಮೆಂಟ್‌ಗಳು ಬರುವುದಿಲ್ಲ. ಅವು ಸಿಪಿಯು ಒಳಗೆ ಇರುವುದೇ ಇಲ್ಲ. "ಶೆಲ್ ಏರ್ ಫ್ಯಾನ್ 4 ಟ್ರಿಪ್" ಅಂತ ಇರಬೇಕಾದ ಕಡೆ ಬರೀ ಐ 12.3 ಅನ್ನುವ ಇನ್‌ಪುಟ್ ನಂಬರ್ ಇರುತ್ತದೆ. ಅದಕ್ಕೇ ಮೂಲ ಪ್ರಾಜೆಕ್ಟ್ ಹುಡುಕಿ. ಪ್ಯಾನೆಲ್ ಬಾಗಿಲಿನ ಡ್ರಾಯಿಂಗ್ ಪಾಕೆಟ್‌ನಲ್ಲಿ ಸಿಡಿ ಇರಬಹುದು. ಸ್ಕಾಡಾ (ಪ್ಲಾಂಟನ್ನು ಪರದೆಯ ಮೇಲೆ ತೋರಿಸುವ) ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಎಸ್7ಪಿ ಅಂತ ಕೊನೆಯಾಗುವ ಫೈಲ್ ಇದೆಯಾ ನೋಡಿ. ಸಿಕ್ಕರೆ ಓಡುತ್ತಿರುವುದರ ಜೊತೆ ಕಂಪೇರ್ ಮಾಡಿ, ವರ್ಷಗಳಲ್ಲಿ ಏನು ಬದಲಾಗಿದೆ ಅಂತ ಗುರುತಿಸಿ. ಸಿಗದಿದ್ದರೆ ಇಬ್ಬರು ಹುಡುಗರನ್ನು ಕೂರಿಸಿ ವೈರ್ ನಂಬರ್ ಹಿಡಿದು ಒಂದೊಂದೇ ಇನ್‌ಪುಟ್, ಔಟ್‌ಪುಟ್ ಹೆಸರು ಬರೆಸಿ. ಬೇಸರದ ಕೆಲಸ. ಆದರೆ ಇದನ್ನು ಮಾಡಿದವನಿಗೆ ಆ ಪ್ಲಾಂಟ್ ಬಾಯಿಪಾಠ ಆಗುತ್ತದೆ. ನಿಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಟ್ರೈನಿಂಗ್ ಇಲ್ಲ.

ಹಾಗೆ ಬರೆಸುವಾಗ ಜಂಪರ್‌ಗಳನ್ನು ಬೇರೆ ಪುಟದಲ್ಲಿ ಬರೆಸಿ. ಕನ್ವೇಯರ್‌ನ ಪುಲ್ ಕಾರ್ಡ್ (ಎಳೆದರೆ ಬೆಲ್ಟ್ ನಿಲ್ಲಿಸುವ ಹಗ್ಗ), ಝೀರೋ ಸ್ಪೀಡ್ ಸ್ವಿಚ್ (ಬೆಲ್ಟ್ ನಿಂತಿದ್ದನ್ನು ತಿಳಿಸುವುದು) ಕೆಟ್ಟಾಗ ರಾತ್ರಿ ಪಾಳಿಯಲ್ಲಿ ಒಂದು ತುಂಡು ವೈರ್ ಸಿಕ್ಕಿಸಿ ಓಡಿಸಿ, ಬೆಳಿಗ್ಗೆ ತೆಗೆಯಲು ಮರೆತಿರುತ್ತಾರೆ. ಪುಲ್ ಕಾರ್ಡ್ ಎಳೆದರೂ ನಿಲ್ಲದ ಕನ್ವೇಯರ್ ಯಾರದೋ ಕೈ ತೆಗೆಯುತ್ತದೆ. ಸಿಪಿಯು ಮೇಲೆ ಎಫ್‌ಆರ್‌ಸಿಇ ಅನ್ನುವ ಹಳದಿ ದೀಪ ಬಂದಿದೆಯಾ ಅದನ್ನೂ ನೋಡಿ. ಬಂದಿದ್ದರೆ ಪ್ರೋಗ್ರಾಂ ಒಳಗೆ ಯಾರೋ ಏನನ್ನೋ ಫೋರ್ಸ್ ಮಾಡಿ, ಅಂದರೆ ನಿಜವಾದ ಸ್ಥಿತಿ ಬಿಟ್ಟು ಬಲವಂತವಾಗಿ ಆನ್ ಅಥವಾ ಆಫ್ ಇಟ್ಟು, ಬಿಟ್ಟಿದ್ದಾರೆ.

ಬ್ಯಾಕಪ್ ಅಂದಾಗ ಮೆಮೊರಿ ಕಾರ್ಡ್ ನೆನಪಿರಲಿ. ನಿಮ್ಮ ಸಿಪಿಯು ಮುಂದೆ ಸಣ್ಣ ಎಂಎಂಸಿ ಕಾರ್ಡ್ ಇದ್ದರೆ ಅದಕ್ಕೆ ಬ್ಯಾಟರಿ ಇಲ್ಲ, ಪ್ರೋಗ್ರಾಂ ಇರುವುದು ಆ ಕಾರ್ಡಿನಲ್ಲೇ. ಕಾರ್ಡ್ ಇಲ್ಲದೆ ಸಿಪಿಯು ಓಡುವುದಿಲ್ಲ. ಅದನ್ನು ಮಾಮೂಲಿ ಕಾರ್ಡ್ ರೀಡರ್‌ಗೆ ಹಾಕಿ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಕೊಟ್ಟರೆ ಕಾರ್ಡ್ ಕೆಲಸಕ್ಕೆ ಬಾರದ ಹಾಗೆ ಆಗುತ್ತದೆ. ಇನ್ನೊಂದು ಎಂಎಂಸಿ ಕೊಂಡು ಪ್ರೋಗ್ರಾಂ ಹಾಕಿ, ಹೆಸರು ಬರೆದು ಬೀರುವಿನಲ್ಲಿಡಿ. ಇನ್ನೂ ಹಳೆಯ, ಬ್ಯಾಟರಿ ಇರುವ ಮಾದರಿಯಾಗಿದ್ದರೆ ಬ್ಯಾಟರಿ ಬದಲಾಯಿಸುವಾಗ ಪವರ್ ಆನ್ ಇರಲೇಬೇಕು. ಆಫ್ ಮಾಡಿ ತೆಗೆದರೆ ಪ್ರೋಗ್ರಾಂ ಹೋಯಿತು. ಸ್ಕಾಡಾ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಇಮೇಜ್ ತೆಗೆದಿಡಿ. ವಿಂಡೋಸ್ ಎಕ್ಸ್‌ಪಿ ಇದ್ದರೆ ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ಗೇ ಮುಗಿದಿದೆ. ಆ ಕಂಪ್ಯೂಟರಿಗೆ ಇಂಟರ್ನೆಟ್ ಬೇಡ, ಹಾಡಿನ ಪೆನ್‌ಡ್ರೈವ್ ಅಂತೂ ಬೇಡವೇ ಬೇಡ. 2010ರಲ್ಲಿ ಸಿಕ್ಕಿಬಿದ್ದ ಸ್ಟಕ್ಸ್‌ನೆಟ್ ವೈರಸ್ ಪೆನ್‌ಡ್ರೈವ್ ಮೂಲಕ ಹರಡಿ, ಹುಡುಕಿಕೊಂಡು ಹೋಗಿದ್ದು ಇದೇ 315-2 ಸಾಲಿನ ಸಿಪಿಯುಗಳನ್ನು. ನಮ್ಮ ದೇಶದಲ್ಲೂ ತುಂಬಾ ಕಂಪ್ಯೂಟರ್‌ಗಳಿಗೆ ಅದು ತಗುಲಿತ್ತು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದಾ? ಬಿಡಿಭಾಗವಾಗಿ ಇಟ್ಟುಕೊಳ್ಳಲು ಕೊಳ್ಳಬಹುದು. ಆರ್ಡರ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಕೊಂಡ ಕೂಡಲೇ ಬೀರುವಿಗೆ ಹಾಕಬೇಡಿ. ಒಂದು ಹಲಗೆ ಮೇಲೆ ಸಣ್ಣ ರ್ಯಾಕ್ ಕಟ್ಟಿ, ಒಂದು ವಾರ ಕರೆಂಟ್ ಕೊಟ್ಟು, ಪ್ರತಿ ಚಾನೆಲ್ ಟೆಸ್ಟ್ ಮಾಡಿ. ಥರ್ಮೋಕಪಲ್‌ಗೆ (ಬಿಸಿ ಅಳೆಯುವ ಸೆನ್ಸರ್) ಬಳಸುವ ಎಸ್‌ಎಂ 331 ಅನಲಾಗ್ ಕಾರ್ಡಿನ ಪಕ್ಕದಲ್ಲಿ ಎ, ಬಿ, ಸಿ, ಡಿ ಅಂತ ಗುರುತಿರುವ ಸಣ್ಣ ಚೌಕದ ತುಂಡುಗಳಿರುತ್ತವೆ. ಯಾವ ಚಾನೆಲ್ ಯಾವ ಅಳತೆಗೆ ಅಂತ ಹೇಳುವುದು ಅವು. ಹಳೆ ಕಾರ್ಡಿನಲ್ಲಿ ಹೇಗೆ ತಿರುಗಿಸಿ ಕೂರಿಸಿದ್ದಾರೋ ಹೊಸದರಲ್ಲೂ ಹಾಗೇ ಇರಬೇಕು. ಇದನ್ನು ನೋಡದೆ ಕಾರ್ಡ್ ಹಾಕಿ, ಕಿಲ್ನ್ ಟೆಂಪರೇಚರ್ ಯಾಕೆ ತಪ್ಪು ತೋರಿಸುತ್ತಿದೆ ಅಂತ ಥರ್ಮೋಕಪಲ್ ಬದಲಾಯಿಸುತ್ತಾ ಕೂರುವವರಿದ್ದಾರೆ. ಬಿಚ್ಚುವ ಮೊದಲು ಫೋಟೊ ತೆಗೆಯಿರಿ.

ಆದರೂ ಸೆಕೆಂಡ್ ಹ್ಯಾಂಡ್ ಮೇಲೆ ಎಷ್ಟು ವರ್ಷ ಓಡಿಸುತ್ತೀರಿ? ಎಸ್7-300 ಬಂದಿದ್ದು 1990ರ ದಶಕದ ನಡುವಿನಲ್ಲಿ. 2023ರ ಅಕ್ಟೋಬರ್‌ನಿಂದ ಸೀಮೆನ್ಸ್ ಅದನ್ನು ಹಂತ ಹಂತವಾಗಿ ನಿಲ್ಲಿಸುವ ದಾರಿ ಹಿಡಿದಿದೆ. ಬಿಡಿಭಾಗ 2033ರವರೆಗೆ ಅಂತ ಹೇಳಿದೆ. ರಾಕ್‌ವೆಲ್‌ನವರ ಪಿಎಲ್‌ಸಿ-5 ಕೂಡ ಸುಮಾರು ಮೂವತ್ತು ವರ್ಷ ನಡೆದು 2017ರಲ್ಲಿ ನಿಂತಿತು. ಸಾಹುಕಾರರಿಗೆ ಈ ವರ್ಷಗಳನ್ನು ಹೇಳಿ. ಇವತ್ತೇ ಕೀಳಬೇಕು ಅಂತ ಹೆದರಿಸಬೇಡಿ, ಅದು ನಿಜವೂ ಅಲ್ಲ. ಹೀಗೆ ಕೇಳಿ: ಕಿಲ್ನ್ ತಣ್ಣಗಿರುವಾಗ ನಾವು ಹೇಳಿದ ದಿನ ಬದಲಾಯಿಸೋಣವಾ, ಕಿಲ್ನ್ ಬಿಸಿ ಇರುವಾಗ ಅದು ಹೇಳಿದ ದಿನ ಬದಲಾಯಿಸೋಣವಾ? ಎರಡನೇದರಲ್ಲಿ ಹೋಗುವ ಉತ್ಪಾದನೆ ಎಷ್ಟು ದಿನದ್ದು, ಮತ್ತೆ ಹೀಟಪ್‌ಗೆ ಎಷ್ಟು ಡೀಸೆಲ್, ಎಷ್ಟು ಇಟ್ಟಿಗೆ, ನಿಮ್ಮ ಹಳೆ ಲಾಗ್ ಪುಸ್ತಕದಿಂದಲೇ ತೆಗೆದು ಮುಂದಿಡಿ. ಬೇರೆಯವರ ಲೆಕ್ಕಕ್ಕಿಂತ ನಿಮ್ಮ ಕಿಲ್ನ್‌ದೇ ಲೆಕ್ಕ ಅವರಿಗೆ ನಾಟುತ್ತದೆ.

ಹಾಗಾಗಿ ಈ ಬೇಸಿಗೆಗೆ ಸಪ್ಲೈ, ಕನೆಕ್ಟರ್, ಬ್ಯಾಕಪ್, ಒಂದಿಷ್ಟು ಬಿಡಿಭಾಗ. ಬದಲಾವಣೆಯನ್ನು ಮುಂದಿನ ದೊಡ್ಡ ಶಟ್‌ಡೌನ್‌ಗೆ ಇಟ್ಟುಕೊಳ್ಳಿ. ಒಳಗೆ ಗಟ್ಟಿಕಟ್ಟಿದ ಅಕ್ರೀಷನ್ ಒಡೆಯಲು, ಇಟ್ಟಿಗೆ ಕಟ್ಟಲು ಹೇಗೂ ಕಿಲ್ನ್ ತಣ್ಣಗಾಗಲೇಬೇಕು. ಒಂದೇ ಸಲ ಎಲ್ಲ ಕೀಳುವ ಅಗತ್ಯವೂ ಇಲ್ಲ. ಸೀಮೆನ್ಸ್‌ನ ಹೊಸ ಎಸ್7-1500 ಸಾಲಿನ 1516-3 ಪಿಎನ್/ಡಿಪಿ ಸಿಪಿಯುಗೆ ಪ್ರೊಫಿಬಸ್ ಪೋರ್ಟ್ ಇದೆ. ಮೊದಲು ಸಿಪಿಯು, ಸ್ಕಾಡಾ ಬದಲಾಯಿಸಿ, ರಿಮೋಟ್ ಪ್ಯಾನೆಲ್‌ಗಳನ್ನು ಇದ್ದಂತೆಯೇ ಬಿಟ್ಟು, ಮುಂದಿನ ಶಟ್‌ಡೌನ್‌ನಲ್ಲಿ ಅವನ್ನು ಮಾಡಬಹುದು. ನನಗೆ ಈ ದಾರಿಯೇ ಇಷ್ಟ. ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತ ತಿಳಿಯುತ್ತದೆ. ಬೇರೆ ಕಂಪನಿಯ ಪಿಎಲ್‌ಸಿ ಹಾಕಬಾರದು ಅಂತೇನಿಲ್ಲ. ಆದರೆ ತೋರಣಗಲ್ಲು, ಹೊಸಪೇಟೆ, ಬಳ್ಳಾರಿ ಕಡೆಯಿಂದ ರಾತ್ರಿ ಎರಡಕ್ಕೆ ಬರುವ ಹುಡುಗನಿಗೆ ಯಾವುದು ಗೊತ್ತು ಅಂತ ವಿಚಾರಿಸಿ ಆರಿಸಿ.

ಹಳೆ ಪ್ರೋಗ್ರಾಂ ಅನ್ನು ಟಿಐಎ ಪೋರ್ಟಲ್‌ಗೆ (ಹೊಸ ಪಿಎಲ್‌ಸಿಯ ಸಾಫ್ಟ್‌ವೇರ್) ತರುವ ಟೂಲ್ ಇದೆ. ಅದು ಮುಕ್ಕಾಲು ಕೆಲಸ ಮಾಡುತ್ತದೆ. ಅಪಾಯ ಉಳಿದ ಕಾಲು ಭಾಗದಲ್ಲಿದೆ. ಮುಖ್ಯವಾಗಿ ಇದನ್ನು ಗಮನಿಸಿ: ಎಸ್7-1500ರಲ್ಲಿ ಓಬಿ 86 ಇಲ್ಲದಿದ್ದರೂ, ರಿಮೋಟ್ ಪ್ಯಾನೆಲ್ ಬಿದ್ದರೆ ಸಿಪಿಯು ಸ್ಟಾಪ್‌ಗೆ ಹೋಗುವುದಿಲ್ಲ. ಮೇಲೆ ಹೇಳಿದ ಖಾಲಿ ಬ್ಲಾಕಿನ ಅಪಾಯ ಇಲ್ಲಿ ಹುಟ್ಟಿನಿಂದಲೇ ಇದೆ. ನಿಮ್ಮ ಹಳೆ ಪ್ಲಾಂಟ್ ಇಷ್ಟು ವರ್ಷ "ಸಿಪಿಯು ನಿಂತರೆ ಎಲ್ಲ ನಿಲ್ಲುತ್ತದೆ" ಅನ್ನುವ ರಕ್ಷಣೆಯಲ್ಲಿ ಓಡಿದೆ, ಯಾರೂ ಅದನ್ನು ಕಾಗದದಲ್ಲಿ ಬರೆದಿಲ್ಲ. ಹೊಸದರಲ್ಲಿ ಅದನ್ನು ಬರೆದು ಹಾಕಬೇಕು. ಟೆಸ್ಟ್ ಮಾಡುವಾಗ ಕಿಲ್ನ್ ತಣ್ಣಗಿರುವಾಗಲೇ ಕೂಲರ್ ಪ್ಯಾನೆಲ್‌ನ ನೇರಳೆ ಪ್ರೊಫಿಬಸ್ ಕೇಬಲ್ ಕಿತ್ತು, ಏನು ನಿಲ್ಲುತ್ತದೆ, ಏನು ಓಡುತ್ತದೆ ಅಂತ ಕಣ್ಣಾರೆ ನೋಡಿ ಸಹಿ ಹಾಕಿ.

ಶಟ್‌ಡೌನ್‌ಗೆ ಮೊದಲು ಟೇಬಲ್ ಮೇಲೆ ಸಿಮ್ಯುಲೇಷನ್ ಮುಗಿದಿರಬೇಕು. ಹಳೆ ಸಿಪಿಯು, ಅದರ ಎಂಎಂಸಿ ಸಮೇತ, ಪ್ಯಾನೆಲ್ ಒಳಗೇ ಕೈಗೆ ಸಿಗುವ ಹಾಗೆ ಇರಲಿ. ಯಾವ ದಿನ, ಎಷ್ಟು ಗಂಟೆಗೆ ಹೊಸದು ಸರಿಯಾಗದಿದ್ದರೆ ಹಳೆಯದಕ್ಕೆ ಮರಳುವುದು ಅಂತ ಮೊದಲೇ ಬರೆದಿಡಿ. ಆ ಹೊತ್ತಿನಲ್ಲಿ ಯಾರಿಗೂ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಇರುವುದಿಲ್ಲ. ಲೈಟ್‌ಅಪ್ (ಕಿಲ್ನ್ ಮತ್ತೆ ಹೊತ್ತಿಸುವ) ದಿನ ಹತ್ತಿರ ಬಂದಂತೆ ಎಲ್ಲರೂ "ಇನ್ನೊಂದು ಗಂಟೆ" ಅನ್ನುತ್ತಾರೆ.

ಆರ್ಡರ್ ಕೊಡುವಾಗ ಪಿಒನಲ್ಲಿ ಈ ಮಾತು ಸೇರಿಸಿ: ಕಾಮೆಂಟ್ ಸಮೇತ ಪೂರ್ತಿ ಪ್ರಾಜೆಕ್ಟ್, ಎಲ್ಲ ಪಾಸ್‌ವರ್ಡ್, ಲೈಸೆನ್ಸ್ ಕಾರ್ಖಾನೆಯ ಹೆಸರಿನಲ್ಲಿ, ಲಾಕ್ ಮಾಡಿದ ಬ್ಲಾಕ್ ಒಂದೂ ಇರಬಾರದು. ಇದು ಕೈ ಸೇರುವವರೆಗೆ ಕೊನೆಯ ಕಂತು ಕೊಡುವುದಿಲ್ಲ ಅಂತಲೂ ಬರೆಯಿರಿ. 2005ರಲ್ಲಿ ಇದನ್ನು ಬರೆಸಿಕೊಂಡಿದ್ದರೆ ಇವತ್ತು ನಿಮ್ಮ ಕೆಲಸ ಅರ್ಧ ಹಗುರ ಇರುತ್ತಿತ್ತು.

ಬಫರ್ ಓದಿದ ಮೇಲೆ ಸ್ಟಾಪ್ ಆದ ಹೊತ್ತಿನ ಸಾಲುಗಳನ್ನೂ, ಮಧ್ಯಾಹ್ನ ಮೂರರ 24 ವೋಲ್ಟ್ ಅಳತೆಯನ್ನೂ ಬರೆದು ಕಳಿಸಿ. ಓಬಿ 86 ಒಳಗೆ ಏನು ಬರೆಯಬೇಕು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.